ಅಣ್ಣ ದಿನಾ ಹೇಳಿದ ಮರಿಯ ಸುದ್ದಿ

ನನಗೆ ಹಕ್ಕಿಯ ಹುಚ್ಚು ಹಿಡಿಸಿದವನು ನನ್ನ ಅಣ್ಣ. ಅಜ್ಜೀಪುರದಿಂದ ಒಳಗೆ, ಕಾಡಿನ ಅಂಚಿಗೆ ನಮ್ಮ ಹೊಲ. ಅವನು ದನ ಹೊಡೆದುಕೊಂಡು ಹೋದರೆ ನಾನು ಹಿಂದೆಯೇ ಓಡುತ್ತಿದ್ದೆ. ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿ ಬೋಳಾದ ದಿಂಡಿಗದ ಮರದ ತುದಿಗೆ ಬೆರಳು ಮಾಡಿ, "ಅಲ್ನೋಡು ಕೂಸೇ, ಜುಟ್ಟಿನಕ್ಕಿ" ಎನ್ನುತ್ತಿದ್ದ. ಬೂದುಬಣ್ಣದ, ನೆಟ್ಟಗೆ ಕೂತ, ಹಣೆಯ ಮೇಲೆ ಪುಟ್ಟ ಜುಟ್ಟು ಎತ್ತಿಕೊಂಡ ಹಕ್ಕಿ. ಗಂಡಿನ ಕೆನ್ನೆ ಇಟ್ಟಿಗೆ ಬಣ್ಣ, ಹೆಣ್ಣಿನ ಕೆನ್ನೆ ಕಪ್ಪು. ಕೂತಾಗ ಕತ್ತರಿಯಂತೆ ಹೆಣೆದುಕೊಂಡಿರುತ್ತಿದ್ದ ರೆಕ್ಕೆಗಳು, ಹಾರಿದ ಕೂಡಲೇ ಕುಡುಗೋಲಿನಂತೆ ಬಾಗಿ ಆಕಾಶವನ್ನು ಸೀಳುತ್ತಿದ್ದವು. ನಮ್ಮೂರಿನಲ್ಲಿ ಅದಕ್ಕೆ ಬೇರೆ ಹೆಸರಿರಲಿಲ್ಲ. ಜುಟ್ಟಿನಕ್ಕಿ ಎನ್ನುವುದೂ ಅಣ್ಣನೇ ಇಟ್ಟ ಹೆಸರು. ಅದು ಮರಬಾನಾಡಿ ಎಂದು ನನಗೆ ತಿಳಿದದ್ದು ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ.

ಈಗ ನಾನು ಕೊಳ್ಳೇಗಾಲದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಮನೆ ಯಳಂದೂರಿನಲ್ಲಿ. ನನ್ನ ಗಂಡನದು ಅಲ್ಲೇ ಬೀಜ ಗೊಬ್ಬರದ ಅಂಗಡಿ. ಒಬ್ಬಳು ಮಗಳು. ಅಣ್ಣ ಊರಿನಲ್ಲೇ ಉಳಿದು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾನೆ. ಭಾನುವಾರ ಬಿಡುವಾದರೆ ನಾನು ದುರ್ಬೀನು ಚೀಲಕ್ಕೆ ಹಾಕಿಕೊಂಡು ಹನೂರಿನ ಬಸ್ಸು ಹತ್ತಿಬಿಡುತ್ತಿದ್ದೆ. ತವರಿಗೆ ಹೋಗುವ ಹೆಣ್ಣುಮಕ್ಕಳು ಅತ್ತಿಗೆಯ ಜೊತೆ ಕೂತು ಮಾತಾಡಿ ಬರುತ್ತಾರೆ. ನಾನು ಅಣ್ಣನ ಜೊತೆ ಬದುವಿನ ಮೇಲೆ ಕೂತು ಕತ್ತೆತ್ತಿ ನೋಡಿ, ಕತ್ತು ನೋಯಿಸಿಕೊಂಡು ಬರುತ್ತಿದ್ದೆ. ಅತ್ತಿಗೆ ನಮ್ಮಿಬ್ಬರನ್ನೂ ಕಂಡು ನಗುತ್ತಿದ್ದರು.

ಎರಡು ವರ್ಷದ ಹಿಂದಿನ ಬೇಸಿಗೆ ಶುರುವಿನಲ್ಲಿ, ಹೊಲದ ಮೂಲೆಯ ದಿಂಡಿಗದಲ್ಲಿ ಗೂಡು ಕಂಡದ್ದು ಹಾಗೆ ಕೂತಿದ್ದಾಗಲೇ. ಗೂಡು ಎಂದರೆ ಗೂಡಲ್ಲ. ಹೆಬ್ಬೆರಳಿನ ಗಾತ್ರದ ಬೋಳು ಕೊಂಬೆಯ ಪಕ್ಕಕ್ಕೆ ಅಂಟಿಸಿದ, ತೊಗಟೆಯ ಚೂರು ಮತ್ತು ಪುಕ್ಕದ ಒಂದು ಪುಟ್ಟ ಬಟ್ಟಲು. ಕೆಳಗಿನಿಂದ ನೋಡಿದರೆ ಮರದ ಗಂಟು ಎನಿಸುತ್ತದೆ. ಹಕ್ಕಿ ತನ್ನ ಎಂಜಲಿನಲ್ಲೇ ಅದನ್ನು ಅಂಟಿಸುತ್ತದೆ, ಮೊಟ್ಟೆಯನ್ನೂ ಅಂಟಿಸುತ್ತದೆ. ಇಡುವುದು ಒಂದೇ ಮೊಟ್ಟೆ. ಆ ಬಟ್ಟಲು ತಾಯಿಯ ಭಾರ ತಡೆಯುವುದಿಲ್ಲ. ಹಾಗಾಗಿ ಹಕ್ಕಿ ಕೊಂಬೆಯ ಮೇಲೆ ಕೂತು, ಎದೆಯ ಪುಕ್ಕವನ್ನಷ್ಟೇ ಮೊಟ್ಟೆಯ ಮೇಲೆ ಹೊದಿಸುತ್ತದೆ. ಗಂಡು ಹೆಣ್ಣು ಇಬ್ಬರೂ ಸರದಿಯಲ್ಲಿ ಕೂರುತ್ತಾರೆ.

ನಾನು ವರ್ಷಗಟ್ಟಲೆ ಹುಡುಕಿದ್ದರೂ ಒಂದು ಗೂಡನ್ನೂ ಕಂಡಿರಲಿಲ್ಲ. ದುರ್ಬೀನು ಅಣ್ಣನಿಗೆ ಕೊಟ್ಟೆ. ಅವನು ಬಹಳ ಹೊತ್ತು ನೋಡಿ, "ಇದೂ ನಮ್ ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ತಾವು ಕಿಚಕಿಚ ಅಂತ ಆರಾಡ್ತವಲ್ಲ, ಅವೂ ಒಂದೇನಾ?" ಎಂದು ಕೇಳಿದ.

"ಒಂದೇ ಅಲ್ಲ ಕಣಣ್ಣ, ನೆಂಟರು" ಎಂದೆ.

ಅವನಿಗೆ ಹೇಳುವುದೆಂದರೆ ನನಗೆ ತರಗತಿಗಿಂತ ಹೆಚ್ಚು ಇಷ್ಟ. ಹಳೆಯ ಕಟ್ಟಡಗಳ ಸೂರಿನಡಿ ಗುಂಪಾಗಿ ಗೂಡು ಕಟ್ಟುವುದು ಮನೆ ಬಾನಾಡಿ, ಈಚಲು ತಾಳೆಯ ಗರಿಗೆ ಗೂಡು ಅಂಟಿಸುವುದು ತಾಳೆ ಬಾನಾಡಿ ಎಂದೆ. ಅವು ಹುಟ್ಟಾ ಹಾರುವ ಹಕ್ಕಿಗಳು, ಕಾಲಿನಲ್ಲಿ ಕೊಂಬೆ ಹಿಡಿಯುವ ಶಕ್ತಿಯಿಲ್ಲ. ಬೆರಳುಗಳೆಲ್ಲ ಮುಂದಕ್ಕೆ ತಿರುಗುವುದರಿಂದ ಗೋಡೆಗೆ ಜೋತುಬೀಳಬಲ್ಲವೇ ಹೊರತು ಕೂರಲಾರವು. ನಮ್ಮ ಜುಟ್ಟಿನಕ್ಕಿಗೆ ಮಾತ್ರ ಒಂದು ಬೆರಳು ಹಿಂದಕ್ಕಿದೆ, ಅದಕ್ಕೇ ಕೂರುತ್ತದೆ. ಬೇರೆ ಮನೆ ಮಾಡಿಕೊಂಡ ದಾಯಾದಿಗಳಂತೆ, ಆದರೆ ರಕ್ತ ಒಂದೇ.

"ಮತ್ತೆ ಕರೆಂಟ್ ತಂತಿ ಮ್ಯಾಲೆ ಸಾಲಾಗಿ ಕುಂತಿರ್ತವಲ್ಲ, ಬಾಲ ಸೀಳಿರೋವು?"

"ಅವು ನೋಡಕ್ ಮಾತ್ರ ಇದ್ರಂಗೇ ಅವೆ. ನೆಂಟರಲ್ಲ. ಅವು ಗುಬ್ಬಿ ಪಿಕಳಾರದ ಕಡೆಯವು. ಒಂದೇ ಕೆಲ್ಸ ಮಾಡಿ ಮಾಡಿ, ಗಾಳೀಲಿ ನೊಣ ಹಿಡ್ದು ಹಿಡ್ದು, ಮೈಕಟ್ಟು ಒಂದೇ ಥರ ಆಗದೆ ಅಷ್ಟೇಯ."

"ಅಂದ್ರೆ ಮಕ ನೋಡ್ಬುಟ್ಟು ನೆಂಟ್ರು ಅನ್ನಂಗಿಲ್ಲ ಅನ್ನು" ಎಂದು ಅಣ್ಣ ಜೋರಾಗಿ ನಕ್ಕ.

ಆ ದಿನ ಊಟಕ್ಕೆ ಕೂತಾಗ ಅತ್ತಿಗೆ ವಿಷಯ ತೆಗೆದರು. ಹುಳು ಸಾಕಲು ಹೊಸ ಶೆಡ್ಡು ಕಟ್ಟಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಜಾಗ ಅದೇ ಹೊಲದ ಮೂಲೆ. ದಿಂಡಿಗ ಅಡ್ಡ ಬರುತ್ತಿತ್ತು. ನನ್ನ ಮುಖ ಇಳಿದದ್ದನ್ನು ಅಣ್ಣ ನೋಡಿದ. ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ, "ಮರಿ ಆರಿ ಓಗೋಗಂಟ ಆ ಮರಕ್ಕೆ ಒಂದು ಕೊಡ್ಲಿ ಏಟೂ ಬೀಳಕ್ಕಿಲ್ಲ ಕಣ್ ಕೂಸೇ. ಶೆಡ್ಡು ಆಮ್ಯಾಕೂ ಕಟ್ಬೋದು" ಎಂದ. ನಾನು ಕೇಳುವ ಮೊದಲೇ ಅವನೇ ಹೇಳಿದ ಮಾತು ಅದು. ಅಂದು ಜೊತೆಗೆ ಬಂದಿದ್ದ ನನ್ನ ಗಂಡನೂ ಅಲ್ಲೇ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದರು.

ಮರಿ ಮೊಟ್ಟೆಯಿಂದ ಹೊರಬಂದದ್ದನ್ನು ಮಾತ್ರ ನಾನು ಕಣ್ಣಾರೆ ನೋಡಿದೆ. ಬೂದಿಯಲ್ಲಿ ಅದ್ದಿದ ಹತ್ತಿಯ ಉಂಡೆಯಂತಿತ್ತು. ತಾಯಿ ಕೊಂಬೆಯ ಮೇಲೆ ಸ್ವಲ್ಪ ಸರಿದಾಗ ಅದರ ಎದೆಯ ಕೆಳಗಿನಿಂದ ತಲೆ ಆಚೆ ಹಾಕಿ ಮತ್ತೆ ಒಳಗೆ ಎಳೆದುಕೊಂಡಿತು. ಅಷ್ಟರಲ್ಲಿ ದ್ವಿತೀಯ ಪಿಯುಸಿ ಮೌಲ್ಯಮಾಪನಕ್ಕೆ ಕರೆ ಬಂತು. ಬೆಂಗಳೂರಿನಲ್ಲಿ ಹಾಕಿದ್ದರು. ಬಿಟ್ಟು ಹೋಗಲು ನನಗೆ ಮನಸ್ಸೇ ಇರಲಿಲ್ಲ.

"ನೀ ಓಗು. ದಿನಾ ಸಾಯಂಕಾಲ ಓಗಿ ನೋಡ್ಬುಟ್ಟು ನಾ ನಿಂಗೆ ಫೋನ್ ಮಾಡ್ತೀನಿ" ಎಂದ ಅಣ್ಣ.

ಮಾತಿನಂತೆ ನಡೆದುಕೊಂಡ. ದಿನವಿಡೀ ಉತ್ತರ ಪತ್ರಿಕೆ ತಿದ್ದಿ ಕಣ್ಣು ಉರಿಯುತ್ತಿದ್ದ ಹೊತ್ತಿಗೆ ಅವನ ಫೋನು ಬರುತ್ತಿತ್ತು. ನಾನು ಉಳಿದುಕೊಂಡಿದ್ದ ಕೋಣೆಯಲ್ಲಿ ಜೊತೆಗಿದ್ದವರು ಚಾಮರಾಜನಗರದ ಕಡೆಯ ಇನ್ನೊಬ್ಬ ಉಪನ್ಯಾಸಕಿ. ಅವರಿಗೂ ಆ ಫೋನಿನ ಅಭ್ಯಾಸವಾಗಿಬಿಟ್ಟಿತು. ಫೋನು ಇಟ್ಟ ಕೂಡಲೇ, "ಏನಂತೆ ಮೇಡಂ ನಿಮ್ಮ ಮರಿ?" ಎಂದು ಕೇಳುತ್ತಿದ್ದರು.

ಅಣ್ಣ ಚೆನ್ನಾಗಿ ಹೇಳುತ್ತಿದ್ದ. "ಇವತ್ತು ಬಿಸ್ಲು ಜಾಸ್ತಿ ಇತ್ತು ಕಣ್ ಕೂಸೇ. ತಾಯಿ ಒಂದು ರೆಕ್ಕೆ ಬಿಚ್ಚಿ ಕೊಡೆ ಇಡ್ದಂಗೆ ಮರಿ ಮ್ಯಾಲೆ ಇಡ್ಕಂಡು ಕುಂತಿತ್ತು. ನಾ ಅಷ್ಟೊತ್ತು ನಿಂತಿದ್ರೂ ಮಿಸುಕ್ನಿಲ್ಲ" ಎಂದು ಒಂದು ಸಂಜೆ ಹೇಳಿದ. ಅದನ್ನು ನಾನು ಆ ಉಪನ್ಯಾಸಕಿಗೆ ಅವನ ಧ್ವನಿಯಲ್ಲೇ ಹೇಳಿ ತೋರಿಸಿದೆ. ಅವರು, "ನಿಮ್ಮಣ್ಣ ಓದಿದ್ರೆ ದೊಡ್ಡ ವಿಜ್ಞಾನಿ ಆಗ್ತಿದ್ರು ಮೇಡಂ" ಎಂದರು. ನನಗೆ ಹೆಮ್ಮೆಯಾಯಿತು. ಮಾರನೆಯ ದಿನ ಮರಿಗೆ ರೆಕ್ಕೆಯ ಮೇಲೆ ಬಿಳಿ ಅಂಚು ಮೂಡಿದೆ ಎಂದ. ಅದರ ಮಾರನೆಯ ದಿನ ಅಪ್ಪ ಹಕ್ಕಿ ಬಂದು ಬಾಯಿಗೆ ಬಾಯಿ ಕೊಟ್ಟು ತಿನ್ನಿಸಿತು ಎಂದ. ಆ ಮರಿಯನ್ನು ನಾನು ಕೋಣೆಯ ಮಂಚದ ಮೇಲೆ ಕೂತು ಕಣ್ಣೆದುರು ಬೆಳೆಸಿದೆ.

ಒಂದು ಸಂಜೆ ಮಾತ್ರ ಸಣ್ಣದೊಂದು ತಡೆಯಾಯಿತು. "ಮರಿ ಗೂಡಿಂದ ಆಚೆ ಬಂತು ಕಣವ್ವ. ತಂತಿ ಮ್ಯಾಲೆ ಕುಂತಿತ್ತು" ಎಂದ.

"ತಂತಿ ಮೇಲಾ? ಇನ್ನೂ ಹಾರಕ್ಕಾಗಲ್ವಲ್ಲಣ್ಣ. ಗೂಡು ಸಾಲದೆ ಹೋದ್ರೆ ಆ ಕೊಂಬೆ ಮೇಲೇ ಕೂತ್ಕೊಂಡಿರ್ತದೆ" ಎಂದೆ.

ಅವನು, "ಊಂ, ಕೊಂಬೆ ಮ್ಯಾಲೇಯ. ತಂತಿ ಮ್ಯಾಲಿದ್ದಿದ್ದು ಆ ಗುಬ್ಬಿ ಕಡೇವು" ಎಂದ.

ತಪ್ಪು ನೋಡಿದ್ದಾನೆ, ನಾನು ಹೇಳಿಕೊಟ್ಟದ್ದನ್ನು ಮರೆತಿದ್ದಾನೆ ಅಂದುಕೊಂಡೆ. ಮತ್ತೊಮ್ಮೆ ನೆಂಟಸ್ತಿಕೆಯೆಲ್ಲ ಬಿಡಿಸಿ ಹೇಳಿದೆ. ಅವನು ತಾಳ್ಮೆಯಿಂದ, "ಔದಾ? ಔದಾ?" ಎನ್ನುತ್ತಾ ಎಲ್ಲವನ್ನೂ ಕೇಳಿಸಿಕೊಂಡ.

ಕೆಲಸ ಮುಗಿಸಿ ಊರಿಗೆ ಬಂದ ಮೇಲೆ ಮೊದಲ ಭಾನುವಾರವೇ ಹೊರಟೆ. ಆ ಉಪನ್ಯಾಸಕಿಯನ್ನೂ ಕರೆದಿದ್ದೆ. ಹಾರುವ ಮೊದಲು ಒಮ್ಮೆ ನೋಡಲೇಬೇಕೆಂದು ಅವರಿಗೂ ಆಸೆಯಿತ್ತು. ಹಿಂದಿನ ದಿನ ನನ್ನ ಗಂಡ ಅಂಗಡಿಯಿಂದ ಬಂದವರು, "ಈ ಬಿಸ್ಲಲ್ಲಿ ಯಾಕೆ ಓಗಿಯೇ? ಮುಂದಿನ್ ವಾರ ಓದ್ರಾಯ್ತು" ಎಂದರು. "ಮುಂದಿನ ವಾರಕ್ಕೆ ಮರಿ ಹಾರಿರುತ್ತೆ ರೀ" ಎಂದೆ. ಅವರು ಇನ್ನೇನೋ ಹೇಳಹೋಗಿ ಟೀವಿಯ ಕಡೆಗೆ ತಿರುಗಿಕೊಂಡರು.

ಅಣ್ಣನಿಗೆ ಹೇಳದೆ ಹೋದೆವು. ಹೇಳಿದರೆ ಕೋಳಿ ಕುಯ್ದು ಮಧ್ಯಾಹ್ನದವರೆಗೆ ಮನೆಯಲ್ಲೇ ಕೂರಿಸಿಬಿಡುತ್ತಾನೆ ಎಂದು. ಬಸ್ಸಿಳಿದು ನೇರ ಹೊಲದ ದಾರಿ ಹಿಡಿದೆವು. ಆ ದಾರಿಯಲ್ಲಿ ಒಂದು ತಿರುವಿದೆ, ಅಲ್ಲಿಂದ ದಿಂಡಿಗದ ತಲೆ ಕಾಣುತ್ತದೆ. ತಿರುವು ದಾಟಿದರೂ ಕಾಣಲಿಲ್ಲ. ಹಾದಿ ತಪ್ಪಿದೆನೇ ಅನಿಸಿತು. ಹುಟ್ಟಿದ ಊರಿನಲ್ಲಿ ಹಾದಿ ತಪ್ಪುವುದು ಹೇಗೆ?

ಹೊಲದ ಮೂಲೆಯಲ್ಲಿ ಸಿಮೆಂಟಿನ ಕಂಬಗಳು ಎದ್ದಿದ್ದವು. ಇಟ್ಟಿಗೆ ರಾಶಿ, ಮರಳಿನ ರಾಶಿ. ಕಂಬಗಳ ಪಕ್ಕದಲ್ಲಿ ಮಿಷಿನ್ನಿನಿಂದ ಕೊಯ್ದ ಬುಡ, ಮೇಜಿನಂತೆ ನುಣ್ಣಗೆ. ಅದರ ಮೇಲೆ ಗಾರೆ ಕಲಸುವವರು ನೀರಿನ ಕ್ಯಾನು ಇಟ್ಟಿದ್ದರು. ಕೊಯ್ದ ಮುಖ ಆಗಲೇ ಒಣಗಿ ಬಿರುಕು ಬಿಟ್ಟಿತ್ತು. ನಿನ್ನೆ ಮೊನ್ನೆಯದಲ್ಲ ಎಂದು ನನಗೆ ಅಲ್ಲೇ ಗೊತ್ತಾಯಿತು. ಆದರೂ ಪಕ್ಕದಲ್ಲಿದ್ದವರಿಗೆ, "ಮರಿ ಹಾರಿದ ಮೇಲೆ ಕಡಿದಿರಬೇಕು" ಎಂದೆ. ಅವರು ನನ್ನ ಮುಖ ನೋಡದೆ, "ಇರಬಹುದು ಮೇಡಂ" ಎಂದರು. ನಿನ್ನೆ ಸಂಜೆಯಷ್ಟೇ ಅಣ್ಣ, ಮರಿ ಕೊಂಬೆಯ ಮೇಲೆ ರೆಕ್ಕೆ ಬಡಿದು ನೋಡುತ್ತಿದೆ ಎಂದಿದ್ದ. ಅದು ಅವರಿಗೂ ಗೊತ್ತಿತ್ತು.

ಮನೆಗೆ ಹೋದಾಗ ಅತ್ತಿಗೆ ಜಗಲಿಯಲ್ಲಿ ಸೊಪ್ಪು ಕತ್ತರಿಸುತ್ತಿದ್ದರು. ನನ್ನನ್ನು ನೋಡಿ ಕುಡುಗೋಲು ಕೆಳಗಿಟ್ಟರು. ಬಾ ಎನ್ನಲಿಲ್ಲ. ಮುಖ ಮುಚ್ಚಿಕೊಳ್ಳುವಂತೆ ಸೆರಗು ಎಳೆದುಕೊಂಡು, "ಒಲದ್ ಕಡೆಯಿಂದ ಬಂದ್ಯಾ?" ಎಂದರು.

"ಯಾವತ್ತು ಕಡಿದ್ರಿ ಅತ್ಗೆ?"

"ಕುಂತ್ಕೋ ಮೊದ್ಲು."

"ಯಾವತ್ತು?"

ಅವರು ನನ್ನ ಜೊತೆ ಬಂದವರನ್ನು ನೋಡಿದರು. ಆ ಉಪನ್ಯಾಸಕಿ ಸೂಕ್ಷ್ಮದವರು, ನೀರು ಕುಡಿಯುವ ನೆಪದಲ್ಲಿ ಹಿತ್ತಲಿಗೆ ಹೋದರು. ಅತ್ತಿಗೆ ಹೇಳಿದರು. ನಾನು ಬೆಂಗಳೂರಿಗೆ ಹೋದ ಆ ವಾರವೇ ಮರ ಕೊಯ್ಯುವವನು ಬಂದಿದ್ದ. ಬಂಡಳ್ಳಿಯಲ್ಲಿ ಕೆಲಸ ಮುಗಿಸಿ ಹೋಗುವವನು, ಈಗ ಬಿಟ್ಟರೆ ಮತ್ತೆ ಈ ಕಡೆ ಬರುವುದು ಯಾವಾಗಲೋ ಎಂದನಂತೆ. ಗಾರೆಯವರೂ ಬೇರೆ ಕೆಲಸ ಹಿಡಿಯುತ್ತೇವೆ ಎಂದರಂತೆ. ಅಣ್ಣ ಬೆಳಿಗ್ಗೆಯೆಲ್ಲ ಬೇಡ ಬೇಡ ಎಂದವನು ಕೊನೆಗೆ ಹೂಂ ಅಂದ.

"ಆದ್ರೂ ನಿಮ್ಮಣ್ಣ ಆ ಕೊಂಬೆಗೆ ಅಗ್ಗ ಕಟ್ಟಿ ಮೆಲ್ಗೆ ಇಳಿಸ್ದ ಕಣವ್ವ. ಮರಿ ಬೀಳ್ನಿಲ್ಲ, ಕಚ್ಕಂಡಿತ್ತು. ಆ ಕೊಂಬೆ ತಕಂಡೋಗಿ ಬದಿನ್ ಮ್ಯಾಲಿನ್ ಒಂಗೆ ಮರಕ್ಕೆ ಕಟ್ಟಿದ. ಅಪ್ಪ ಅವ್ವ ಎರಡೂ ಬಂದೋ. ಕೂಕ್ಕಂಡು ಕೂಕ್ಕಂಡು ಸುತ್ತುದೋ. ಇಳೀನೇ ಇಲ್ಲ."

"ಆಮೇಲೆ?"

"ಸಾಯಂಕಾಲ್ದೊಳ್ಗೇ ಕಾಗೆ ಕಚ್ಕಂಡೋಯ್ತು. ಅವ ಅಲ್ಲೇ ಕುಂತಿದ್ದ, ಕಲ್ಲೆಸ್ದ. ಏನ್ ಮಾಡಾದು."

ಆ ಸಂಜೆ ಅವನು ನನಗೆ ಫೋನು ಮಾಡಿದ್ದನೇ ಎಂದು ಕೇಳಿದೆ. ಅತ್ತಿಗೆ ತಲೆಯಾಡಿಸಿದರು. ಹೊಲದಿಂದ ಬಂದು ಕೈಕಾಲು ತೊಳೆದುಕೊಂಡು, ಇದೇ ಜಗಲಿಯ ಮೇಲೆ ಕೂತು ಮಾಡಿದನಂತೆ. ಏನು ಹೇಳಿದ ಎಂಬುದು ಅವರಿಗೂ ನೆನಪಿತ್ತು. ಬಿಸಿಲು ಜಾಸ್ತಿಯಿತ್ತು, ತಾಯಿ ರೆಕ್ಕೆ ಬಿಚ್ಚಿ ಕೊಡೆ ಹಿಡಿದಿತ್ತು.

ಅಷ್ಟರಲ್ಲಿ ಅಣ್ಣ ಬಂದ. ಹುಳುವಿನ ಸೊಪ್ಪಿನ ಹೊರೆ ತಲೆಯ ಮೇಲಿತ್ತು. ನನ್ನನ್ನು ಕಂಡು ಹೊರೆಯನ್ನು ಇಳಿಸದೆ ಹಾಗೇ ನಿಂತ.

"ನಿಂಗೆ ಏಳವಾ ಅಂತಿದ್ದೆ ಕಣ್ ಕೂಸೇ" ಎಂದ.

"ಮರ ಕಡಿದ್ಯಲ್ಲ ಅದಕ್ಕಲ್ಲಣ್ಣ. ಹೊಲ ನಿಂದು, ಶೆಡ್ಡು ನಿಂಗೆ ಬೇಕು. ಅವತ್ತೇ ಫೋನಲ್ಲಿ ಹೋಯ್ತು ಅಂದಿದ್ರೆ ನಾನು ಅತ್ಕೊಂಡು ಸುಮ್ನಾಗ್ತಿದ್ದೆ."

"ನೀ ಅಲ್ಲಿ ಒಬ್ಳೇ ಇದ್ದೆ. ಪೇಪರ್ ತಿದ್ದೋ ಒತ್ನಲ್ಲಿ ಯಾಕ್ ನೋಯಿಸ್ಬೇಕು ಅಂತ."

"ಒಂದಿನ ಸುಳ್ಳೇಳು. ಎರಡು ದಿನ ಹೇಳು. ನೀ ದಿನಾ ದಿನಾ ಇಲ್ದಿರೋ ಮರೀನ ಬೆಳೆಸ್ದಲ್ಲ! ರೆಕ್ಕೇಗೆ ಬಿಳಿ ಅಂಚು ಇಟ್ಟೆ, ಅಪ್ಪನ್ ಕೈಲಿ ಊಟ ಉಣ್ಸಿದೆ. ನಾನು ಅದನ್ನ ಕೇಳಿಸ್ಕೊಂಡು ಮಲಗ್ತಿದ್ದೆ ಅಣ್ಣ."

ಅವನು ಹೊರೆ ಇಳಿಸಿದ. "ಅದೆಲ್ಲ ನೀನೇ ಏಳಿಕೊಟ್ಟಿದ್ದು ತಾನೇ. ಮರಿ ಎಂಗೆ ಬೆಳೀತದೆ ಅಂತ. ಅದ್ನೇ ಏಳ್ದೆ" ಎಂದ. ತಪ್ಪಿಸಿಕೊಳ್ಳಲು ಆಡಿದ ಮಾತಾಗಿರಲಿಲ್ಲ. ನಿಜವಾಗಿಯೂ ನನಗೆ ಒಳ್ಳೆಯದು ಮಾಡಿದ್ದೇನೆ ಎಂದು ನಂಬಿದ್ದ. ಬೈದುಬಿಡಬಹುದಾದ ಸುಳ್ಳಾಗಿದ್ದರೆ ನನಗೆ ಹಗುರವಾಗುತ್ತಿತ್ತು.

ಊಟಕ್ಕೆ ನಿಲ್ಲಲಿಲ್ಲ. ಬಸ್ಸಿನಲ್ಲಿ ಆ ಉಪನ್ಯಾಸಕಿ ಕಿಟಕಿಯ ಪಕ್ಕದ ಸೀಟು ನನಗೇ ಬಿಟ್ಟುಕೊಟ್ಟರು. ಕೊಳ್ಳೇಗಾಲದಲ್ಲಿ ಇಳಿದಾಗ ಸಂಜೆಯಾಗಿತ್ತು. ಬಸ್ ಸ್ಟ್ಯಾಂಡಿನ ಮೇಲೆ ಮನೆ ಬಾನಾಡಿಗಳು ಗುಂಪು ಗುಂಪಾಗಿ ಕೂಗುತ್ತಾ ತಿರುಗುತ್ತಿದ್ದವು. ಎಂದೂ ತಲೆ ಎತ್ತದೆ ಹೋದವಳಲ್ಲ, ಅಂದು ಎತ್ತಲಿಲ್ಲ.

ಯಳಂದೂರಿನ ಮನೆಯಲ್ಲಿ ಗಂಡ ಕಾಫಿ ಮಾಡಿಟ್ಟುಕೊಂಡು ಕಾಯುತ್ತಿದ್ದರು. ಅವರಾಗಿ ಎಂದೂ ಕಾಫಿ ಮಾಡುವವರಲ್ಲ. ಲೋಟ ನೋಡಿದ ತಕ್ಷಣ ನನಗೆ ಅರ್ಥವಾಯಿತು.

"ನಿಮಗೂ ಗೊತ್ತಿತ್ತಾ?"

"ನಿಮ್ಮಣ್ಣ ಅವತ್ತೇ ಏಳ್ದ. ನಿಂಗೆ ಏಳ್ಬೇಡ ಅಂದ. ಸಿಮೆಂಟ್ ಬಂದಾಗ ನಾನೂ ಓಗಿ ನೋಡ್ಕಂಡ್ ಬಂದೆ."

"ಮಗಳಿಗೆ?"

"ಅವ್ಳಿಗೂ ಗೊತ್ತು."

ಅಷ್ಟೂ ದಿನ ನಾನು ಮನೆಗೆ ಫೋನು ಮಾಡಿ ಮರಿಯ ಸುದ್ದಿಯನ್ನು ಇವರಿಗೂ ಹೇಳುತ್ತಿದ್ದೆ. ಮಗಳು, "ಹೌದಾಮ್ಮ! ಕ್ಯೂಟ್ ಅಲ್ವಾ!" ಎನ್ನುತ್ತಿದ್ದಳು. ಗಂಡ, "ಬಂದ್ಮೇಲೆ ನೋಡೀವಂತೆ" ಎನ್ನುತ್ತಿದ್ದರು. ನನ್ನನ್ನು ನಡುವೆ ಕೂರಿಸಿಕೊಂಡು ಎಲ್ಲರೂ ಕೂಡಿ ಆಡಿದ ಆಟದಂತೆ ಕಂಡಿತು. ಒಂದು ಹಕ್ಕಿಗೆ ಇಷ್ಟೊಂದಾ ಎಂದು ಗಂಡ ಕೇಳಿದರು. ಹಕ್ಕಿಗಲ್ಲ ಎಂದು ಹೇಳುವಷ್ಟು ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ. ಕಾಫಿ ಕುಡಿಯದೆ ಒಳಗೆ ಹೋದೆ.

ಆ ವಾರ ನನಗೆ ಇನ್ನೊಂದು ನೆನಪು ಬಂದು ಕಾಡತೊಡಗಿತು. ನಾನು ಮೈಸೂರಿನ ಹಾಸ್ಟೆಲಿನಲ್ಲಿ ಇದ್ದಾಗ, ಕೊನೆಯ ವರ್ಷದ ಪರೀಕ್ಷೆಯ ಹೊತ್ತಿಗೆ ಅವ್ವನಿಗೆ ಹುಷಾರಿರಲಿಲ್ಲ. ಹಾಸ್ಟೆಲಿನ ಫೋನಿಗೆ ಅಣ್ಣ ಮಾಡುತ್ತಿದ್ದ. "ಅವ್ವ ಚೆನ್ನಾಗೌಳೆ. ಇವತ್ತು ಎದ್ದು ಮುದ್ದೆ ತಿರುವಿದ್ಲು. ಇವತ್ತು ಒಲದ ತಂಕ ಬಂದಿದ್ಲು." ಪರೀಕ್ಷೆ ಮುಗಿದ ದಿನ ಊರಿಗೆ ಹೋದರೆ ಅಂಗಳದಲ್ಲಿ ಜನ. ಬೆಳಿಗ್ಗೆ ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡಿತು ಎಂದರು. ಅಷ್ಟು ವರ್ಷ ನಾನು ಅದನ್ನೇ ನಂಬಿದ್ದೆ. ಹಿಂದಿನ ದಿನದವರೆಗೂ ಅವ್ವ ಓಡಾಡಿಕೊಂಡಿದ್ದಳು, ಮುದ್ದೆ ತಿರುವಿದ್ದಳು, ನೋಯದೆ ಹೋದಳು ಎಂಬುದೊಂದೇ ನನಗಿದ್ದ ಸಮಾಧಾನ. ಈಗ ಆ ಫೋನಿನ ಧ್ವನಿ ಮತ್ತು ಮರಿಯ ಸುದ್ದಿ ಹೇಳಿದ ಧ್ವನಿ ಎರಡೂ ಒಂದೇ ಎಂದು ಕಿವಿ ಹೇಳುತ್ತಿತ್ತು.

ಕೆಲವು ವಾರ ಕಳೆದು ಅಣ್ಣನೇ ಯಳಂದೂರಿಗೆ ಬಂದ. ಚೀಲದಲ್ಲಿ ಅವರೆಕಾಳು, ಹಲಸಿನ ಹಣ್ಣಿನ ತೊಳೆ. ಗಂಡ ಅಂಗಡಿಯಲ್ಲಿದ್ದರು. ಅವನು ಸೋಫಾದ ಅಂಚಿಗೆ ಕೂತು ಬಿಸಿಲಿನ ಮಾತು, ಹುಳುವಿನ ಮಾತು ಆಡಿದ. ನಾನು ಹೂಂ ಅನ್ನುತ್ತಾ ಇದ್ದೆ. ಕೊನೆಗೆ ಕೇಳಿಯೇಬಿಟ್ಟೆ.

"ಅಣ್ಣ, ಅವ್ವನ್ ವಿಷ್ಯಾನೂ ಹಿಂಗೇ ಹೇಳಿದ್ದಾ?"

ಅವನಿಗೆ ತಕ್ಷಣ ಗೊತ್ತಾಯಿತು. ಯಾವ ವಿಷಯ ಎಂದು ಕೇಳಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಂಡ.

"ಆಸ್ಗೆ ಇಡ್ದು ತಿಂಗ್ಳಾಗಿತ್ತು" ಎಂದ.

"ಮುದ್ದೆ ತಿರುವಿದ್ದು?"

"ಇಲ್ಲ."

"ನನ್ನ ಕೇಳ್ತಿರ್ಲಿಲ್ವಾ ಅವ್ವ?"

"ಕೇಳೋಳು. ಅವ್ಳೇ ಕಣವ್ವ ಏಳ್ಬೇಡ ಅಂದಿದ್ದು. ಕೂಸು ಪರೀಕ್ಷೆ ಬರ್ದು ಬರ್ಲಿ ಅಂದ್ಲು. ನಾ ಏಳ್ತೀನಿ ಅಂದೆ, ನನ್ ಮ್ಯಾಲೆ ಆಣೆ ಅಂದ್ಲು."

ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು. ಅಂಥ ಮಾತು ಕೇಳಿದರೆ ಯಾವ ಮಗಳಿಗೂ ಮನಸ್ಸು ಕರಗಬೇಕು. ಅವ್ವ ಹಾಗೆ ಹೇಳಿರಬಹುದು. ಅವಳ ಬಾಯಲ್ಲಿ ಬರುವಂಥ ಮಾತೇ ಅದು. ಆದರೆ ಮರಿಯ ರೆಕ್ಕೆಗೆ ಬಿಳಿ ಅಂಚು ಬರುವುದೂ ನಿಜವೇ ಅಲ್ಲವೇ? ಅಣ್ಣನಿಗೆ ನಿಜದಂಥ ಮಾತು ಕಟ್ಟಲು ಬರುತ್ತದೆ. ಅವನೆದುರು ಕೂತು ನಾನು ಅವನ ಮುಖವನ್ನೇ ನೋಡಿದೆ, ನಂಬಬೇಕೆಂದು ನೋಡಿದೆ. ಆಗಲಿಲ್ಲ. ಕೇಳಲು ಬೇರೆ ಯಾರೂ ಇಲ್ಲ. ಅಪ್ಪ ನಾವು ಚಿಕ್ಕವರಿದ್ದಾಗಲೇ ಹೋದವರು. ಅತ್ತಿಗೆ ಆಗಿನ್ನೂ ಮನೆಗೆ ಬಂದಿರಲಿಲ್ಲ.

"ನಾನು ಬಂದಿದ್ರೆ ಏನಾಗ್ತಿತ್ತಣ್ಣ? ಒಂದು ವರ್ಷ ಹೋಗ್ತಿತ್ತು ಅಷ್ಟೇ" ಎಂದೆ.

"ಅದೇ ಒಂದು ವರ್ಸ ಅಂತ..." ಎಂದು ಅವನು ಮಾತು ನಿಲ್ಲಿಸಿದ. ನಾನು ಎದ್ದು ಅಡುಗೆಮನೆಗೆ ಹೋಗಿ ಅವನಿಗೆ ಊಟಕ್ಕೆ ಇಟ್ಟೆ. ಅವನು ತಲೆ ಬಗ್ಗಿಸಿಕೊಂಡು ಉಂಡ. ಬಸ್ಸಿಗೆ ಹೋಗುವಾಗ ಬಾಗಿಲವರೆಗೆ ಹೋದೆ. ಯಾವಾಗಲೂ ಬೀದಿಯ ತಿರುವಿನವರೆಗೆ ಹೋಗುವವಳು.

ಅಂದಿನಿಂದ ನಾವು ಮಾತು ಬಿಟ್ಟಿಲ್ಲ. ಗೃಹಪ್ರವೇಶಕ್ಕೆ, ನಾಮಕರಣಕ್ಕೆ ಹೋಗುತ್ತೇನೆ, ಬರುತ್ತಾನೆ. ಹಬ್ಬಕ್ಕೆ ಸೀರೆ ತರುತ್ತಾನೆ. ಹೊಸ ಶೆಡ್ಡಿನಲ್ಲಿ ಹುಳು ಚೆನ್ನಾಗಿ ಏಳುತ್ತಿವೆ ಎಂದು ಅತ್ತಿಗೆ ಹೇಳುತ್ತಾರೆ. ಆದರೆ ಅಣ್ಣ ಫೋನಿನಲ್ಲಿ, "ಎಲ್ಲ ಚೆನ್ನಾಗೌರೆ" ಎಂದಾಗ ನಾನು ಅತ್ತಿಗೆಗೆ ಕೊಡು ಎನ್ನುತ್ತೇನೆ. ಗಂಡ ಊಟ ಮಾಡಿದೆ ಎಂದರೆ ಪಾತ್ರೆ ನೋಡುತ್ತೇನೆ. ನನ್ನ ಬಗ್ಗೆ ನನಗೇ ಬೇಸರವಾಗುತ್ತದೆ, ಆದರೂ ನೋಡುತ್ತೇನೆ.

ಕಳೆದ ಬೇಸಿಗೆಯಲ್ಲಿ ಯಳಂದೂರಿನಿಂದ ಬೆಟ್ಟದ ಕಡೆ ಹೋಗುವ ರಸ್ತೆಯಲ್ಲಿ, ಕೆರೆಯ ಆಚೆಗೆ, ಎಲೆಯುದುರಿದ ಮರವೊಂದರಲ್ಲಿ ಮರಬಾನಾಡಿಯ ಗೂಡು ಕಂಡೆ. ಹೆಣ್ಣು ಕೂತಿತ್ತು. ಗಂಡು ಕೆಳಗಿನ ಕೊಂಬೆಯಲ್ಲಿ ಮೈ ಕೊಡವಿಕೊಳ್ಳುತ್ತಿತ್ತು. ಮೊದಲಾಗಿದ್ದರೆ ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡುತ್ತಿದ್ದೆ. ಕೈ ಚೀಲಕ್ಕೆ ಹೋಯಿತು, ಮತ್ತೆ ವಾಪಸು ಬಂತು. ಯಾರಿಗೂ ಹೇಳಲಿಲ್ಲ. ಕಾಲೇಜಿನಿಂದ ಬರುವಾಗ ದಿನಾ ದಾರಿ ಸುತ್ತಿ ಬಳಸಿ ಹೋಗಿ ನಿಂತು ನೋಡಿದೆ. ಮರಿ ಹೊರಬಂತು, ಬಟ್ಟಲು ಸಾಲದೆ ಕೊಂಬೆಗೆ ಬಂದು ಕೂತಿತು, ತಾಯಿ ತಂದೆ ಸರದಿಯಲ್ಲಿ ಬಾಯಿಗೆ ಬಾಯಿಟ್ಟು ತಿನ್ನಿಸಿದವು. ಒಂದು ಸಂಜೆ ಹೋದಾಗ ಕೊಂಬೆ ಖಾಲಿಯಿತ್ತು. ಸ್ವಲ್ಪ ದೂರದ ಒಣಮರದಲ್ಲಿ ಮೂರೂ ಕೂತಿದ್ದವು.

ಇಂಥದ್ದನ್ನು ನೋಡಬೇಕೆಂದು ಇಡೀ ಬದುಕು ಕಾದವಳು ನಾನು. ನೋಡಿದೆ. ನೋಡಿದ್ದು ಎಷ್ಟು ಚೆನ್ನಾಗಿತ್ತೆಂದರೆ ಅಲ್ಲೇ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು ಅತ್ತೆ. ಬೈಕಿನಲ್ಲಿ ಹೋಗುತ್ತಿದ್ದ ಹೆಂಗಸೊಬ್ಬರು ನಿಲ್ಲಿಸಿ, "ಯಾಕವ್ವಾ, ಏನಾಯ್ತು?" ಎಂದು ಕೇಳಿದರು. ಏನಿಲ್ಲ, ಕಣ್ಣಿಗೆ ದೂಳು ಬಿತ್ತು ಎಂದೆ. ಅವರು ನಂಬಿದರೋ ಇಲ್ಲವೋ, ಬಾಟಲಿಯಿಂದ ನೀರು ಕೊಟ್ಟು ಹೋದರು.